ಪದ ಪರಿಚಯ: ಮೆದುಳು ದಾನ

ಮೆದುಳು ದಾನ ಅಂದ ಕೂಡಲೇ ನಮ್ಮ ಕಡೆ ಹೆಚ್ಚಿನವರಿಗೆ ನೆನಪಾಗುವುದು ಪೇಪರಿನ ಸುದ್ದಿ. ಹೆದ್ದಾರಿಯಲ್ಲಿ ಬೈಕ್ ಅಪಘಾತ, ಹುಡುಗನ ಮೆದುಳು ನಿಷ್ಕ್ರಿಯ, ಮನೆಯವರಿಂದ ಅಂಗಾಂಗ ದಾನ, ಆಂಬ್ಯುಲೆನ್ಸಿಗೆ ಜೀರೋ ಟ್ರಾಫಿಕ್. ಅದು ಬೇರೆ, ಇದು ಬೇರೆ.

ಅಂಗಾಂಗ ದಾನದಲ್ಲಿ ಮೆದುಳು ಸತ್ತಿರುತ್ತದೆ, ವೆಂಟಿಲೇಟರ್ ಸಹಾಯದಿಂದ ಹೃದಯ ಮಿಡಿಯುತ್ತಿರುತ್ತದೆ. ಕಿಡ್ನಿ, ಲಿವರ್ ಇನ್ನೊಬ್ಬರ ದೇಹಕ್ಕೆ ಹೋಗುತ್ತವೆ. ಅದಕ್ಕೆ 1994ರ ಕಾಯ್ದೆ ಇದೆ, ಕರ್ನಾಟಕದಲ್ಲಿ ನೋಡಿಕೊಳ್ಳಲು ‘ಜೀವಸಾರ್ಥಕತೆ’ ಎಂಬ ಸಂಸ್ಥೆ ಇದೆ. ಮೆದುಳು ದಾನದಲ್ಲಿ ಯಾರಿಗೂ ಏನನ್ನೂ ಕಸಿ ಮಾಡುವುದಿಲ್ಲ. ಮೆದುಳನ್ನು ಕಸಿ ಮಾಡಲು ಬರುವುದೂ ಇಲ್ಲ. ಸಾವು ಸಂಭವಿಸಿದ ಮೇಲೆ, ಮನೆಯವರ ಒಪ್ಪಿಗೆ ಪಡೆದು, ಮೆದುಳನ್ನೂ ಕೆಲವೊಮ್ಮೆ ಬೆನ್ನುಹುರಿಯನ್ನೂ ತೆಗೆದು ಸಂಶೋಧನೆಗೆ ಕಾದಿಡುತ್ತಾರೆ. ಹಾಗೆ ಕಾದಿಡುವ ಜಾಗವೇ ಬ್ರೇನ್ ಬ್ಯಾಂಕ್.

ದೇಹದಾನವೂ ಇದಲ್ಲ. ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗಕ್ಕೆ ಕೊಟ್ಟ ದೇಹಕ್ಕೆ ಫಾರ್ಮಲಿನ್ ಸೇರಿಸಿ, ಎಂಬಾಮ್ ಮಾಡಿ ವಿದ್ಯಾರ್ಥಿಗಳ ಕಲಿಕೆಗೆ ಇಡುತ್ತಾರೆ. ಅಲ್ಲಿಗೆ ಹೋದ ಮೆದುಳಿನಿಂದ ಪಾಠ ಹೇಳಬಹುದು. ಆದರೆ ಜೀವಕೋಶದೊಳಗೆ ಯಾವ ಜೀನ್ ಕೆಲಸ ಮಾಡುತ್ತಿತ್ತು ಎಂದು ಹುಡುಕುವುದಕ್ಕೆ ಅದು ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ.

ಮೆದುಳು ದಾನ ಯಾಕೆ ಬೇಕು ಎನ್ನುವುದಕ್ಕೆ ಒಂದು ಕಾಯಿಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುವ: ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆ ತಪ್ಪಿ ಅದರ ಮೇಲೆಯೇ ಬೀಳುತ್ತದೆ. ಒಂದು ಕಣ್ಣು ಮಂಜಾಗುವುದು, ಕಾಲು ಜೋಮು ಹಿಡಿಯುವುದು, ನಡೆಯುವಾಗ ಓಲಾಡುವುದು, ಎಷ್ಟು ಮಲಗಿದರೂ ಹೋಗದ ಸುಸ್ತು. ಸಾಮಾನ್ಯವಾಗಿ 20ರಿಂದ 40 ವಯಸ್ಸಿನೊಳಗೆ ಶುರು, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ವಿಚಿತ್ರ ಏನೆಂದರೆ, ಸ್ವಲ್ಪ ದಿನಕ್ಕೆ ತಾನಾಗಿಯೇ ಕಡಿಮೆಯಾಗಿ ಬಿಡಬಹುದು. ಹಾಗಾಗಿ “ಅದು ಸುಮ್ನೆ ವೀಕ್ನೆಸ್ಸು ಮಾರಾಯ್ತಿ” ಎಂದು ವರ್ಷಗಟ್ಟಲೆ ತಳ್ಳಿಕೊಂಡು ಬಂದವರು ಇದ್ದಾರೆ.

ನಮ್ಮಲ್ಲಿ ಇದು ತೀರಾ ಅಪರೂಪ ಎಂಬ ಮಾತಿತ್ತು. ಆ ಮಾತನ್ನು ಲೆಕ್ಕ ಹಾಕಿ ನೋಡಿದ್ದು ಮಂಗಳೂರಿನಲ್ಲೇ. ದೇರಳಕಟ್ಟೆಯ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ನಗರದಲ್ಲಿ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಎಂಎಸ್ ಎಂದು ಅದು ಹೇಳಿತು. ಯುರೋಪಿಗೆ ಹೋಲಿಸಿದರೆ ಕಡಿಮೆಯೇ. ಆದರೆ ನಾವು ಅಂದುಕೊಂಡಷ್ಟು ಕಡಿಮೆಯಲ್ಲ ಅಲ್ವಾ?

ಎಂಆರ್‌ಐ ಇರುವಾಗ ಸತ್ತ ಮೇಲೆ ಮೆದುಳು ಯಾಕೆ ಬೇಕು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಂಆರ್‌ಐ ಮಯಲಿನ್ ಹಾಳಾದ ಕಡೆಯ ಕಲೆಗಳನ್ನು ತೋರಿಸುತ್ತದೆ, ಕಲೆಯೊಳಗೆ ಯಾವ ಕೋಶ ಏನು ಮಾಡುತ್ತಿದೆ ಎಂದು ತೋರಿಸುವುದಿಲ್ಲ. ಮೆದುಳಿನ ಹೊರಪದರದಲ್ಲಿ ಆಗುವ ಎಷ್ಟೋ ಕಲೆಗಳು ಮಾಮೂಲಿ ಸ್ಕ್ಯಾನಿಗೆ ಸಿಗುವುದೇ ಇಲ್ಲ. ಬದುಕಿರುವವರ ಮೆದುಳಿನಿಂದ ಚೂರು ತೆಗೆಯುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಇಲಿಗಳಲ್ಲಿ ಎಂಎಸ್‌ನಂತಹ ಕಾಯಿಲೆ ಬರಿಸಿ ನೋಡುತ್ತಾರೆ, ಅದರಿಂದ ಉಪಯೋಗವೂ ಆಗಿದೆ. ಆದರೆ ಇಲಿಗೆ ಎಂಎಸ್ ತಾನಾಗಿ ಬರುವುದಿಲ್ಲ. ಇಲಿಯಲ್ಲಿ ಕೆಲಸ ಮಾಡಿದ ಎಷ್ಟೋ ಮದ್ದು ಮನುಷ್ಯನಲ್ಲಿ ಕೈಕೊಟ್ಟಿವೆ.

ಪ್ಯಾಥಾಲಜಿ ಟೇಬಲ್ಲಿನ ಮೇಲೆ ಕಾಣುವುದನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಆಗಷ್ಟೇ ತೆಗೆದ ಮೆದುಳು ಬೊಂಡದೊಳಗಿನ ಎಳೆ ತಿರುಳಿನಷ್ಟು ಮೆತ್ತಗೆ. ತೂಕ ಸುಮಾರು 1,200ರಿಂದ 1,400 ಗ್ರಾಂ. ಅದನ್ನು ಅಡ್ಡಕ್ಕೆ ಸುಮಾರು 1 ಸೆಂಟಿಮೀಟರ್ ದಪ್ಪಕ್ಕೆ ಹೋಳು ಮಾಡುತ್ತಾರೆ. ಎಂಎಸ್ ಇದ್ದವರ ಮೆದುಳಾದರೆ, ಕೆನೆಬಣ್ಣದ ಬಿಳಿ ಭಾಗದ ನಡುವೆ, ಅದರಲ್ಲೂ ಒಳಗಿನ ನೀರುಕುಳಿಗಳ ಸುತ್ತ, ಬೂದು ಬಣ್ಣದ ಮಚ್ಚೆಗಳು ಬರಿಗಣ್ಣಿಗೇ ಕಾಣುತ್ತವೆ. ಹಳೆಯ ಮಚ್ಚೆಯನ್ನು ಕೈಗವಸು ಹಾಕಿದ ಬೆರಳಿನಿಂದ ಒತ್ತಿದರೆ ಸುತ್ತಲಿನದಕ್ಕಿಂತ ಗಟ್ಟಿ. ಚೂರೊಂದನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಕೊಯ್ದು, ಲಕ್ಸಾಲ್ ಫಾಸ್ಟ್ ಬ್ಲೂ ಎಂಬ ಬಣ್ಣ ಹಾಕಿದರೆ ಮಯಲಿನ್ ಇರುವಲ್ಲೆಲ್ಲ ನೀಲಿ. ಮಚ್ಚೆ ಇರುವ ಕಡೆ ನೀಲಿ ಹಿಡಿಯುವುದೇ ಇಲ್ಲ, ಅಂಚು ಕತ್ತರಿಸಿದ ಹಾಗೆ ಖಾಲಿ.

ಪ್ಯಾರಿಸಿನ ನರರೋಗ ವೈದ್ಯ ಶಾರ್ಕೋ 1868ರಲ್ಲಿ ಈ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿದ್ದು ಹೀಗೆಯೇ. ಬದುಕಿದ್ದಾಗ ರೋಗಿಯಲ್ಲಿ ಕಂಡ ಲಕ್ಷಣವನ್ನು ಸತ್ತ ಮೇಲೆ ಮೆದುಳಿನಲ್ಲಿ ಕಂಡ ಮಚ್ಚೆಗೆ ತಾಳೆ ಹಾಕಿ ನೋಡಿದರು. ಅದಾಗಿ 130 ವರ್ಷದ ಮೇಲೆ, 1998ರಲ್ಲಿ, ಅಮೆರಿಕದ ವಿಜ್ಞಾನಿ ಬ್ರೂಸ್ ಟ್ರಾಪ್ ಮತ್ತು ಸಂಗಡಿಗರು ಎಂಎಸ್ ಇದ್ದು ತೀರಿಕೊಂಡ 11 ಮಂದಿಯ ಮೆದುಳಿನ ಚೂರುಗಳನ್ನು ಪರೀಕ್ಷಿಸಿದರು. ಅಲ್ಲಿಯವರೆಗೆ ಹೆಚ್ಚಿನವರ ಗಮನ ಹೊದಿಕೆ ಹೋಗುವುದರ ಮೇಲಿತ್ತು. ಇವರಿಗೆ ಹೊದಿಕೆಯ ಜೊತೆ ಒಳಗಿನ ತಂತುವೇ ತುಂಡಾಗಿರುವುದು ಕಂಡಿತು. ಅದೂ ಕಾಯಿಲೆ ಶುರುವಾಗಿ ಹೆಚ್ಚು ಕಾಲ ಆಗಿರದವರಲ್ಲೂ. ಹೊದಿಕೆ ಮತ್ತೆ ಸ್ವಲ್ಪ ಬೆಳೆಯಬಹುದು. ತುಂಡಾದ ತಂತು ಬೆಳೆಯುವುದಿಲ್ಲ. ಇವತ್ತು ಡಾಕ್ಟರು “ಕಾಯುವುದು ಬೇಡ, ಈಗಲೇ ಮದ್ದು ಶುರು ಮಾಡುವ” ಎನ್ನುವುದರ ಹಿಂದೆ ಆ 11 ಮಂದಿಯ ಮೆದುಳೂ ಇದೆ.

ಇನ್ನೂ ತೀರದ ಜಗಳವೂ ಒಂದಿದೆ. ಎಪ್‌ಸ್ಟೀನ್–ಬಾರ್ ಎಂಬ ವೈರಸ್ ನಮ್ಮಲ್ಲಿ ಹೆಚ್ಚಿನವರಿಗೆ ಯಾವಾಗಲೋ ತಗುಲಿರುತ್ತದೆ. ಅಮೆರಿಕದ ಸೇನೆಯ 1 ಕೋಟಿಗೂ ಹೆಚ್ಚು ಮಂದಿಯ ದಾಖಲೆ ನೋಡಿ 2022ರಲ್ಲಿ ಬಂದ ಅಧ್ಯಯನ, ಈ ವೈರಸ್ ತಗುಲಿದ ಮೇಲೆ ಎಂಎಸ್ ಬರುವ ಸಾಧ್ಯತೆ 32 ಪಟ್ಟು ಏರುತ್ತದೆ ಎಂದಿತು. ಸರಿ, ಆದರೆ ವೈರಸ್ ಮೆದುಳಿನೊಳಗೆ ಕೂತು ಕೆಲಸ ಮಾಡುತ್ತದೋ, ಹೊರಗಿನಿಂದಲೇ ಕಿಡಿ ಹಚ್ಚಿ ಹೋಗುತ್ತದೋ? ಇಟಲಿಯ ತಂಡವೊಂದು ದಾನವಾಗಿ ಬಂದ ಮೆದುಳುಗಳಲ್ಲಿ ವೈರಸ್ ಸಿಕ್ಕಿತು ಎಂದು 2007ರಲ್ಲಿ ಹೇಳಿತು. ಬೇರೆ ತಂಡಗಳು ಹುಡುಕಿ, ನಮಗೆ ಸಿಗಲಿಲ್ಲ ಎಂದವು. ರಕ್ತ ಪರೀಕ್ಷೆಯಿಂದ ಇದು ಇತ್ಯರ್ಥ ಆಗುವುದಿಲ್ಲ. ಮೆದುಳೇ ಬೇಕು.

ನಮ್ಮ ಕರಾವಳಿಗೆ ಮುಖ್ಯವಾದ ಇನ್ನೊಂದು ಕಾಯಿಲೆ ಎನ್‌ಎಂಒ, ಅಂದರೆ ಹೆಚ್ಚಾಗಿ ಕಣ್ಣಿನ ನರಕ್ಕೂ ಬೆನ್ನುಹುರಿಗೂ ಪೆಟ್ಟು ಕೊಡುವ ನ್ಯೂರೋಮಯಲೈಟಿಸ್ ಆಪ್ಟಿಕಾ. ಇದನ್ನು ಬಹಳ ಕಾಲ ಎಂಎಸ್‌ನ ಒಂದು ಬಗೆ ಎಂದೇ ತಿಳಿದಿದ್ದರು. 2004ರಲ್ಲಿ ಇದಕ್ಕೆ ಬೇರೆಯೇ ಆಂಟಿಬಾಡಿ ಸಿಕ್ಕಿತು. ಆಮೇಲೆ ತೀರಿಕೊಂಡವರ ಅಂಗಾಂಶ ನೋಡಿದಾಗ ಪೆಟ್ಟು ಬೀಳುವ ಜಾಗವೂ ಬೇರೆ ಎಂದು ಗೊತ್ತಾಯಿತು. ಎಂಎಸ್‌ನ ಕೆಲವು ಮದ್ದು ಎನ್‌ಎಂಒ ಇದ್ದವರಿಗೆ ಕೇಡು ಮಾಡುತ್ತವೆ. ಮಂಗಳೂರಿನ ಅದೇ ಅಧ್ಯಯನದಲ್ಲಿ ಎಂಎಸ್‌ಗೆ ಹೋಲಿಸಿದರೆ ಎನ್‌ಎಂಒ ಪಾಲು ಪಶ್ಚಿಮದ ದೇಶಗಳಿಗಿಂತ ಜಾಸ್ತಿ ಕಂಡಿತ್ತು. ಲಂಡನ್ನಿನಲ್ಲೂ ಆಂಸ್ಟರ್‌ಡ್ಯಾಮಿನಲ್ಲೂ ಇರುವ ದೊಡ್ಡ ಬ್ಯಾಂಕುಗಳಲ್ಲಿ ಹೆಚ್ಚಾಗಿ ಇರುವುದು ಅಲ್ಲಿಯ ಜನರ ಮೆದುಳು. ನಮ್ಮವರ ಕಾಯಿಲೆ ತಿಳಿಯಲು ಅಷ್ಟು ಸಾಕು ಎಂದು ನನಗನಿಸುವುದಿಲ್ಲ.

ಕೆಲಸ ನಡೆಯುವ ರೀತಿ ಸರಳ. ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಿನವರೆಗೆ, ಕೂದಲೊಳಗೆ ಗಾಯ ಮಾಡಿ, ಬುರುಡೆಯ ಮೇಲ್ಭಾಗ ತೆಗೆದು ಮೆದುಳನ್ನು ಹೊರತೆಗೆಯುತ್ತಾರೆ. ಆಮೇಲೆ ಬುರುಡೆ ಕೂರಿಸಿ ಹೊಲಿಗೆ ಹಾಕುತ್ತಾರೆ. ಮುಖಕ್ಕೆ ಏನೂ ಆಗುವುದಿಲ್ಲ. ದೇಹ ಮನೆಗೆ ಬರುತ್ತದೆ, ಸ್ನಾನ ಮಾಡಿಸಬಹುದು, ಮುಖ ನೋಡಬಹುದು, ಸುಡುವುದೋ ಹೂಳುವುದೋ ಪದ್ಧತಿಯಂತೆ ನಡೆಯುತ್ತದೆ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಯಾವ ಅಡ್ಡಿಯೂ ಇಲ್ಲ. ತೆಗೆದ ಮೆದುಳಿನ ಒಂದು ಭಾಗ ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಇನ್ನೊಂದು ಭಾಗ ಫಾರ್ಮಲಿನ್‌ನಲ್ಲಿ ಕೆಲವು ವಾರ ಇರುತ್ತದೆ. ಹೆಸರು ತೆಗೆದು ನಂಬರ್ ಹಾಕುತ್ತಾರೆ.

ಕಷ್ಟ ಇರುವುದು ಗಡಿಯಾರದಲ್ಲಿ. ಉಸಿರು ನಿಂತ ಕೂಡಲೇ ಕೋಶದೊಳಗೆ ಜೀನಿನ ಸಂದೇಶ ಒಯ್ಯುವ ಆರ್‌ಎನ್‌ಎ, ಪ್ರೋಟೀನುಗಳು ಕೆಡಲು ಶುರು. ನೆದರ್‌ಲ್ಯಾಂಡ್ಸಿನ ಬ್ಯಾಂಕು ಕೆಲವೇ ಗಂಟೆಗಳೊಳಗೆ ಕೆಲಸ ಮುಗಿಸಲು ನೋಡುತ್ತದೆ, ಬೇರೆ ಕಡೆ ಒಂದೆರಡು ದಿನದವರೆಗೂ ತೆಗೆದುಕೊಳ್ಳುತ್ತಾರೆ. ಬೇಗ ಆದಷ್ಟು ಒಳ್ಳೆಯದು. ಮಂಗಳೂರು, ಉಡುಪಿಯಲ್ಲಿ ಸಾವಿನ ಮನೆ ಹೇಗಿರುತ್ತದೆ ನೋಡಿ. ಮಗ ದುಬೈಯಿಂದ ಬರಬೇಕು, ಮಗಳು ಮುಂಬೈಯಿಂದ. ಅಲ್ಲಿಯವರೆಗೆ ದೇಹ ಆಸ್ಪತ್ರೆಯ ಕೋಲ್ಡ್ ಸ್ಟೋರೇಜಿನಲ್ಲಿ. ಹಾಗಾಗಿ ಮೆದುಳು ತೆಗೆದದ್ದರಿಂದ ಅಂತ್ಯಕ್ರಿಯೆ ತಡವಾಗುವ ಪ್ರಶ್ನೆ ನಮ್ಮಲ್ಲಿ ಅಷ್ಟಾಗಿ ಇಲ್ಲ. ಒಪ್ಪಿಗೆ ತಡವಾಗುತ್ತದೆ. “ಅಣ್ಣ ಬರಲಿ, ಅವನಲ್ಲಿ ಕೇಳುವ” ಎನ್ನುವಷ್ಟರಲ್ಲಿ ಒಂದು ರಾತ್ರಿ ಕಳೆದಿರುತ್ತದೆ. ಕೆಲವು ಮನೆಗಳಲ್ಲಿ ಸೋದರಮಾವನ ಮಾತಿಲ್ಲದೆ ಹೆಣ ಎತ್ತುವುದಿಲ್ಲ. ನೀವು ಬದುಕಿರುವಾಗ ಫಾರ್ಮಿಗೆ ಸಹಿ ಹಾಕಿದ್ದರೂ ಆ ಹೊತ್ತಿಗೆ ಫೋನ್ ಮಾಡುವವರು, ಸಹಿ ಹಾಕುವವರು ಮನೆಯವರೇ. ಹಾಗಾಗಿ ದುಬೈಯ ಅಣ್ಣನಿಗೂ ಮಾವನಿಗೂ ಮೊದಲೇ ಹೇಳಿಡಬೇಕು. ಊಟಕ್ಕೆ ಕೂತಾಗ ಹೇಳುವ ಮಾತಲ್ಲ, ನಿಜ. ಆದರೂ ಹೇಳಬೇಕು.

ಎಂಎಸ್ ಇಲ್ಲದವರೂ ಕೊಡಬಹುದು. ಕಾಯಿಲೆಯ ಮೆದುಳನ್ನು ಹೋಲಿಸಿ ನೋಡಲು ಸರಿಯಿದ್ದ ಮೆದುಳು ಬೇಕೇ ಬೇಕು, ಬ್ಯಾಂಕುಗಳಿಗೆ ಅದರ ಕೊರತೆಯೇ ದೊಡ್ಡದು. ವಯಸ್ಸಾಗಿದೆ ಎಂಬುದು ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್‌ನಂತಹ ಸೋಂಕು ಇದ್ದರೆ ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ಅಪಘಾತ, ಅಸಹಜ ಸಾವು ಆದರೆ ಮೊದಲು ಪೊಲೀಸ್ ಮಹಜರು, ಪೋಸ್ಟ್‌ಮಾರ್ಟಂ. ಬಹಳ ದಿನ ವೆಂಟಿಲೇಟರಿನಲ್ಲಿದ್ದು ಮೆದುಳು ಮೊದಲೇ ಸತ್ತಿದ್ದರೆ ಅಂಗಾಂಶ ಕರಗಿ ಹೋಗಿರುತ್ತದೆ.

ನಮ್ಮ ರಾಜ್ಯದಲ್ಲಿ ಬ್ರೇನ್ ಬ್ಯಾಂಕ್ ಇರುವುದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. ಡಾ. ಎಸ್.ಕೆ. ಶಂಕರ್ ಮುಂದಾಳತ್ವದಲ್ಲಿ 1995ರಲ್ಲಿ ಶುರುವಾಯಿತು. ಅಲ್ಲಿಯೇ ಒಂದು ಮೆದುಳು ಮ್ಯೂಸಿಯಂ ಇದೆ. ಸಾರ್ವಜನಿಕರು ಹೋಗಿ ಕೈಗವಸು ಹಾಕಿಕೊಂಡು ನಿಜವಾದ ಮೆದುಳನ್ನು ಹಿಡಿದು ನೋಡಬಹುದು. ಮಂಗಳೂರಿನಿಂದ ಅಲ್ಲಿಗೆ ಸುಮಾರು 350 ಕಿಲೋಮೀಟರ್, ನಡುವೆ ಶಿರಾಡಿ ಘಾಟಿ. ಮಳೆಗಾಲದಲ್ಲಿ ಗುಡ್ಡ ಜರಿದರೆ ಅದೂ ಬಂದ್. ಆದ್ದರಿಂದ ಇಲ್ಲಿಂದ ಕೊಡಲು ಮನಸ್ಸಿದ್ದವರು ಸಾವಿನ ದಿನ ಫೋನ್ ಮಾಡಿದರೆ ಆಗದು. ತಮ್ಮ ನ್ಯೂರಾಲಜಿಸ್ಟ್ ಮೂಲಕ ಮೊದಲೇ ಬ್ಯಾಂಕಿನವರಲ್ಲಿ ಕೇಳಿ, ಮೆದುಳನ್ನು ಯಾರು ತೆಗೆಯುತ್ತಾರೆ, ಹೇಗೆ ಕಳುಹಿಸುತ್ತಾರೆ ಎಂದು ಗಟ್ಟಿ ಮಾಡಿಕೊಳ್ಳಬೇಕು.

ಜೊತೆಗೆ ಫೈಲು. ಮೊದಲ ಸಲ ಕಣ್ಣು ಮಂಜಾದದ್ದು ಯಾವಾಗ, ಯಾವ ಮದ್ದು ಎಷ್ಟು ವರ್ಷ, ಕೋಲು ಹಿಡಿದದ್ದು ಯಾವಾಗ ಎಂಬ ವಿವರವಿಲ್ಲದ ಮೆದುಳಿನಿಂದ ಅರ್ಧ ಉತ್ತರವಷ್ಟೇ ಸಿಗುತ್ತದೆ. ಹಳೆಯ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ಎಲ್ಲ ಒಟ್ಟಿಗೆ ಇಡಿ. ನಮ್ಮ ಊರಿನ ಮಳೆಗಾಲದಲ್ಲಿ ಫಿಲ್ಮುಗಳು ಒಂದಕ್ಕೊಂದು ಅಂಟಿ ಹಾಳಾಗುತ್ತವೆ. ಸ್ಕ್ಯಾನ್ ಸೆಂಟರಿನವರಲ್ಲಿ ಸಿಡಿ ಕೇಳಿ ತೆಗೆದುಕೊಂಡು, ಪೆನ್‌ಡ್ರೈವಿಗೂ ಒಂದು ಕಾಪಿ ಹಾಕಿಡಿ.