ಡಬ್ಬಿ ಹಳ್ಳದ ಯಾವ ದಡದಲ್ಲಿದೆ?

ಕ್ಯಾಲಿಫೋರ್ನಿಯಾದಲ್ಲಿ ಸ್ಟೀವನ್ಸ್ ಕ್ರೀಕ್ ಅಂತ ಒಂದು ಹಳ್ಳ ಇದೆ. ಸಾಂತಾ ಕ್ರೂಜ್ ಬೆಟ್ಟಗಳಲ್ಲಿ ಹುಟ್ಟಿ, ಕ್ಯುಪರ್ಟಿನೋ, ಮೌಂಟನ್ ವ್ಯೂ ಊರುಗಳನ್ನು ದಾಟಿ, ಉತ್ತರಕ್ಕೆ ಹರಿದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಸೇರುತ್ತದೆ. ಕೆಲಸಕ್ಕೆಂದು ಹೋಗಿ ನೆಲೆ ನಿಂತ ಕನ್ನಡಿಗರು ಆ ಕಡೆ ಬೇಕಾದಷ್ಟು ಜನ ಇದ್ದಾರೆ. ಮೌಂಟನ್ ವ್ಯೂನಲ್ಲಿ ಹಳ್ಳದ ಪಕ್ಕದಲ್ಲೇ ನಡೆಯುವವರಿಗೂ ಸೈಕಲ್ ಸವಾರರಿಗೂ ದಾರಿ ಮಾಡಿದ್ದಾರೆ. ಇಕ್ಕೆಲದಲ್ಲಿ ಮರಗಳು, ಅಲ್ಲಲ್ಲಿ ತಲೆಯ ಮೇಲೆ ಹೆದ್ದಾರಿಯ ಸೇತುವೆ. ಕೊಲ್ಲಿಯ ಹತ್ತಿರ ಬಂದರೆ ಶೋರ್‌ಲೈನ್ ಪಾರ್ಕಿನ ಬಯಲು. ಜಿಯೋಕ್ಯಾಶಿಂಗ್ ಆಟಕ್ಕೆ, ಅದರಲ್ಲೂ ಹಂತ ಹಂತವಾಗಿ ಸಾಗುವ ಮಲ್ಟಿ ಕ್ಯಾಶ್‌ಗೆ, ಹೇಳಿ ಮಾಡಿಸಿದ ಜಾಗ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಬ್ಬರು ಡಬ್ಬಿಯೊಂದರಲ್ಲಿ ಪುಟ್ಟ ಪುಸ್ತಕ ಇಟ್ಟು ಬಚ್ಚಿಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಎಲ್ಲರಿಗೂ ತಿಳಿಸುತ್ತಾರೆ. ಹುಡುಕಿದವರು ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಮಲ್ಟಿ ಕ್ಯಾಶ್‌ನಲ್ಲಿ ಮೊದಲ ಜಾಗದಲ್ಲಿ ಸಿಗುವುದು ಮುಂದಿನ ಜಾಗದ ಸುಳಿವು ಮಾತ್ರ. ಬೆಂಚಿನ ಫಲಕದ ಮೇಲಿನ ಇಸವಿ, ಸೇತುವೆಯ ಕಂಬಗಳ ಲೆಕ್ಕ, ಇಂಥದ್ದನ್ನು ಕೂಡಿ ಕಳೆದು ಮುಂದಿನ ಅಂಕಿ ಪಡೆಯಬೇಕು.

ಪಾರ್ಕಿನ ಬಯಲಲ್ಲಿ ಫೋನು ನೆಟ್ಟಗೆ ದಾರಿ ತೋರಿಸುತ್ತದೆ. ಹಳ್ಳದ ಮರಗಳ ಕೆಳಗೆ ಇಳಿದರೆ ತಡಬಡಾಯಿಸುತ್ತದೆ. ಒಮ್ಮೆ ಡಬ್ಬಿ ಈ ದಡದಲ್ಲಿದೆ ಅನ್ನುತ್ತದೆ, ಮರುಗಳಿಗೆಗೆ ಆ ದಡ ಅನ್ನುತ್ತದೆ. ಯಾಕೆ ಹೀಗೆ ಅಂತ ಕೇಳಿ ನೋಡಿ. "ಮರ ಅಡ್ಡ ಇದೆಯಲ್ಲ, ಉಪಗ್ರಹಕ್ಕೆ ನಾವು ಕಾಣಲ್ಲ" ಅನ್ನುವವರು ಜಾಸ್ತಿ. "ಮೋಡ ಕವಿದಿದೆ" ಅನ್ನುವವರು ಕೆಲವರು. "ನೆಟ್‌ವರ್ಕ್ ಇಲ್ಲದೆ ಜಿಪಿಎಸ್ ಎಲ್ಲಿಂದ ಬರಬೇಕು" ಅನ್ನುವವರೂ ಇದ್ದಾರೆ. ಓದಿದವರ ಬಾಯಲ್ಲೂ ಇದೇ ಮಾತು ಕೇಳಿದಾಗ ನನಗೆ ತಾಳ್ಮೆ ತಪ್ಪುತ್ತದೆ.

ಜಿಪಿಎಸ್ ಉಪಗ್ರಹಕ್ಕೆ ನೀವು ಯಾರು, ಎಲ್ಲಿದ್ದೀರಿ ಅನ್ನುವುದು ಗೊತ್ತೇ ಇಲ್ಲ. ಫೋನಿನ ಜಿಪಿಎಸ್ ಭಾಗ ಅದಕ್ಕೆ ಏನನ್ನೂ ಕಳಿಸುವುದಿಲ್ಲ, ಅಲ್ಲಿಂದ ಬರುವುದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ. ನಿಮ್ಮ ಜಾಗ ಬೇರೆಯವರಿಗೆ ಗೊತ್ತಾಗುವುದು ಮೊಬೈಲ್ ಟವರ್‌ಗಳ ಮೂಲಕ ಅಥವಾ ಇಂಟರ್‌ನೆಟ್‌ನಲ್ಲಿ ಸುದ್ದಿ ಕಳಿಸುವ ಆ್ಯಪ್‌ಗಳ ಮೂಲಕ. ಗೌಪ್ಯತೆಯ ಚಿಂತೆ ಇದ್ದವರು ಆಕಾಶ ನೋಡುವುದು ಬಿಟ್ಟು ಆ್ಯಪ್‌ಗಳಿಗೆ ಕೊಟ್ಟ ಅನುಮತಿಗಳನ್ನು ನೋಡಬೇಕು. ಇನ್ನು ಮೋಡದ ಮಾತು. ಉಪಗ್ರಹದಿಂದ ಬರುವ ರೇಡಿಯೋ ಅಲೆಗಳು ಮೋಡವನ್ನೂ ಮಳೆಯನ್ನೂ ಸುಲಭವಾಗಿ ದಾಟಿ ಬರುತ್ತವೆ. ನೆಟ್‌ವರ್ಕ್ ಬೇಕಾಗುವುದು ಬೇಗ ಶುರು ಮಾಡಲಿಕ್ಕೆ. ಉಪಗ್ರಹ ತಾನು ಎಲ್ಲಿದ್ದೇನೆ ಎಂಬ ವಿವರವನ್ನು ಸೆಕೆಂಡಿಗೆ 50 ಬಿಟ್‌ನಷ್ಟು ನಿಧಾನವಾಗಿ ಹೇಳುತ್ತದೆ. ಅದನ್ನೇ ಇಂಟರ್‌ನೆಟ್‌ನಿಂದ ಮೊದಲೇ ತಂದುಕೊಂಡರೆ ಕಾಯುವುದು ತಪ್ಪುತ್ತದೆ.

ಹಾಗಾದರೆ ಫೋನು ಏನನ್ನು ಕೇಳುತ್ತದೆ? ಸಮಯವನ್ನು. ಒಂದು ದೊಡ್ಡ ಬಯಲಿನ ಸುತ್ತ ಮೂರು ಊರುಗಳಿವೆ ಅಂದುಕೊಳ್ಳಿ. ಮೂರೂ ಊರಿನ ಗುಡಿಗಳಲ್ಲಿ ಸಂಜೆ ಸರಿಯಾಗಿ ಒಂದೇ ಕ್ಷಣಕ್ಕೆ ನಗಾರಿ ಬಾರಿಸುತ್ತಾರೆ. ನೀವು ನಡುವೆ ಎಲ್ಲೋ ಕಣ್ಣು ಕಟ್ಟಿಕೊಂಡು ನಿಂತಿದ್ದೀರಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಂದು ನಗಾರಿ 3 ಸೆಕೆಂಡ್ ತಡವಾಗಿ ಕೇಳಿದರೆ ಆ ಊರು ಸುಮಾರು ಒಂದು ಕಿಲೋಮೀಟರ್ ದೂರ. ಎರಡನೆಯದು 5 ಸೆಕೆಂಡ್ ತಡ ಆದರೆ ಅದು ಇನ್ನಷ್ಟು ದೂರ. ಊರುಗಳು ಎಲ್ಲಿವೆ ಅಂತ ಗೊತ್ತಿದ್ದರೆ ನೀವು ನಿಂತ ಜಾಗ ತಾನಾಗಿ ತಿಳಿಯುತ್ತದೆ. ನಿಮ್ಮ ಕೈಗಡಿಯಾರವೇ ಎರಡು ಸೆಕೆಂಡ್ ಮುಂದಿದ್ದರೆ? ಎಲ್ಲ ದೂರವೂ ಒಂದೇ ಅಳತೆಯಲ್ಲಿ ತಪ್ಪುತ್ತವೆ. ಆ ತಪ್ಪನ್ನು ಹಿಡಿಯಲಿಕ್ಕೇ ಮೂರನೆಯ ನಗಾರಿ. ಆಕಾಶದ ಲೆಕ್ಕದಲ್ಲಿ ಎತ್ತರವೂ ಸೇರುವುದರಿಂದ ನಾಲ್ಕು ಉಪಗ್ರಹ ಬೇಕು.

ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಬೆಳಕಿನ ವೇಗದಲ್ಲಿ ಸುದ್ದಿ ಬರಲು ಸೆಕೆಂಡಿನ ನೂರರಲ್ಲಿ ಏಳು ಭಾಗ ಸಾಕು. ಒಂದು ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು, ತಪ್ಪಿದರೆ 30 ಸೆಂಟಿಮೀಟರ್ ತಪ್ಪು, ಒಂದು ಮೈಕ್ರೋಸೆಕೆಂಡ್ ತಪ್ಪಿದರೆ 300 ಮೀಟರ್. ಅದಕ್ಕೇ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರ ಇರುತ್ತದೆ. ಐನ್‌ಸ್ಟೈನ್ ಹೇಳಿದ ಹಾಗೆ ಆ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಬೇಗ ಓಡುತ್ತದೆ. ಅಷ್ಟರಲ್ಲಿ ಬೆಳಕು 11 ಕಿಲೋಮೀಟರ್ ಸಾಗಿರುತ್ತದೆ. ಹಾಗಾಗಿ ಹಾರಿಸುವ ಮೊದಲೇ ಗಡಿಯಾರವನ್ನು ಅಷ್ಟು ನಿಧಾನ ಮಾಡಿರುತ್ತಾರೆ. ಗಡಿಯಾರ ಕೆಟ್ಟರೆ ಏನಾಗುತ್ತದೆ ಅಂತ ನಮ್ಮ ನಾವಿಕ್ ವ್ಯವಸ್ಥೆಯೇ ಕಂಡಿದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳು ಕೇಂದ್ರದಿಂದ ಇಸ್ರೋ ನಡೆಸುವ, ಜಿಪಿಎಸ್‌ನಂಥದೇ ವ್ಯವಸ್ಥೆ ಅದು. 2013ರಲ್ಲಿ ಹಾರಿದ ಅದರ ಮೊದಲ ಉಪಗ್ರಹದ ಮೂರೂ ರುಬಿಡಿಯಂ ಪರಮಾಣು ಗಡಿಯಾರಗಳು ಕೈಕೊಟ್ಟವು. ಉಪಗ್ರಹ ಕಕ್ಷೆಯಲ್ಲೇ ಇತ್ತು, ಆದರೆ ಜಾಗ ತಿಳಿಸುವ ಕೆಲಸಕ್ಕೆ ಬಾರದಾಯಿತು. 2023ರ ಮೇ 29ರಂದು ಹಾರಿದ ನಾವಿಕ್‌ನ ಹೊಸ ಉಪಗ್ರಹ ಎನ್‌ವಿಎಸ್-01ರಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರ ಹೋಯಿತು.

ಈ ಯೋಚನೆ ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. 1957ರ ಅಕ್ಟೋಬರ್‌ನಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದರು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿದ್ದ ವಿಲಿಯಂ ಗಯರ್ ಮತ್ತು ಜಾರ್ಜ್ ವೈಫನ್‌ಬಾಕ್ ಅದರ ಬೀಪ್ ಸದ್ದು ಹಿಡಿದು ಕೇಳಿದರು. ಹತ್ತಿರ ಬರುವಾಗ ಸದ್ದಿನ ಶ್ರುತಿ ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಇಷ್ಟರಿಂದಲೇ ಅದರ ಕಕ್ಷೆಯನ್ನು ಲೆಕ್ಕ ಹಾಕಿದರು. 1958ರಲ್ಲಿ ಅದೇ ಪ್ರಯೋಗಾಲಯದ ಫ್ರ್ಯಾಂಕ್ ಮೆಕ್ಲೂರ್ ಲೆಕ್ಕವನ್ನು ತಿರುಗಿಸಿ ಹಾಕಿದರು. ಉಪಗ್ರಹದ ಜಾಗ ಗೊತ್ತಿದ್ದು ಕೇಳುವವರ ಜಾಗ ಗೊತ್ತಿಲ್ಲದಿದ್ದರೆ? ಅಲ್ಲಿಂದ ಅಮೆರಿಕದ ನೌಕಾಪಡೆಗೆ ಟ್ರಾನ್ಸಿಟ್ ಎಂಬ ಉಪಗ್ರಹ ವ್ಯವಸ್ಥೆ ಬಂತು, ಆಮೇಲೆ ಜಿಪಿಎಸ್.

ಜಿಪಿಎಸ್ ಬಂದ ಮೇಲೂ ಸಾಮಾನ್ಯರಿಗೆ ಸಿಗುವ ಸಂಕೇತವನ್ನು ಅಮೆರಿಕದ ಸೇನೆ ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರ್ ಆಚೀಚೆ ತಪ್ಪುತ್ತಿತ್ತು. 2000ದ ಮೇ 1ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಅದನ್ನು ನಿಲ್ಲಿಸುವ ಘೋಷಣೆ ಮಾಡಿದರು. ಆ ರಾತ್ರಿಯೇ ಜಗತ್ತಿನ ಎಲ್ಲ ಜಿಪಿಎಸ್ ಉಪಕರಣಗಳೂ ಒಮ್ಮೆಲೇ ಸುಧಾರಿಸಿದವು. ಮೇ 3ರಂದು ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಇಂಟರ್‌ನೆಟ್‌ನಲ್ಲಿ ಹಾಕಿದರು. ಮೂರೇ ದಿನದೊಳಗೆ ಮೈಕ್ ಟೀಗ್ ಅದನ್ನು ಹುಡುಕಿದರು. ಇವತ್ತಿನ ಜಿಯೋಕ್ಯಾಶಿಂಗ್ ಶುರುವಾಗಿದ್ದು ಆ ಬಕೆಟ್‌ನಿಂದ.

ಈಗ ಹಳ್ಳಕ್ಕೆ ಇಳಿಯೋಣ. ಎಲೆಗಳು ಸಂಕೇತವನ್ನು ಸ್ವಲ್ಪ ಹೀರುತ್ತವೆ, ಒದ್ದೆ ಎಲೆಗಳು ಇನ್ನೂ ಜಾಸ್ತಿ. ಅದಕ್ಕಿಂತ ಕೆಟ್ಟದ್ದು ಪ್ರತಿಧ್ವನಿ. ಸೇತುವೆಯ ಕಾಂಕ್ರೀಟಿಗೋ ನೀರಿಗೋ ಬಡಿದು ಬರುವ ಅಲೆ ಸುತ್ತು ಹಾಕಿ ತಡವಾಗಿ ಬರುತ್ತದೆ. ನಗಾರಿಯ ಸದ್ದು ಬಂಡೆಗೆ ತಾಗಿ ಬಂದರೆ ಊರು ಇರುವುದಕ್ಕಿಂತ ದೂರ ಇದೆ ಅನ್ನಿಸುವುದಿಲ್ಲವೇ? ಹಾಗೆಯೇ ಇದು.

ಮೂರನೆಯ ಕಾರಣವನ್ನು ಯಾರೂ ಹೇಳುವುದಿಲ್ಲ, ನನಗೆ ಅದೇ ಮುಖ್ಯ. ನೀವು ಪೂರ್ವಕ್ಕೆ ಎಷ್ಟು, ಪಶ್ಚಿಮಕ್ಕೆ ಎಷ್ಟು ಇದ್ದೀರಿ ಅಂತ ತಿಳಿಯಲು ಪೂರ್ವದಲ್ಲೂ ಪಶ್ಚಿಮದಲ್ಲೂ ಉಪಗ್ರಹ ಕೇಳಿಸಬೇಕು. ಸ್ಟೀವನ್ಸ್ ಕ್ರೀಕ್ ಉತ್ತರಕ್ಕೆ ಹರಿಯುತ್ತದೆ. ಅದರ ದಡಗಳೂ ಮರಗಳೂ ಮರೆ ಮಾಡುವುದು ಸರಿಯಾಗಿ ಆ ಎರಡು ದಿಕ್ಕುಗಳನ್ನೇ. ನೆತ್ತಿಯ ಮೇಲೆ ಮತ್ತು ಹಳ್ಳದ ಉದ್ದಕ್ಕೆ ಮಾತ್ರ ಆಕಾಶ ತೆರೆದಿರುತ್ತದೆ. ಹಾಗಾಗಿ ಹಳ್ಳದ ಉದ್ದಕ್ಕೆ ನೀವು ಎಲ್ಲಿದ್ದೀರಿ ಅಂತ ಫೋನು ಚೆನ್ನಾಗಿಯೇ ಹೇಳುತ್ತದೆ, ಅಡ್ಡಕ್ಕೆ ಎಡವುತ್ತದೆ. ಡಬ್ಬಿ ಯಾವ ದಡದಲ್ಲಿದೆ ಎಂಬ ಗೊಂದಲ ಹುಟ್ಟುವುದು ಇಲ್ಲಿ. ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಹಳ್ಳದಲ್ಲಾದರೆ ಉತ್ತರ ದಡ, ದಕ್ಷಿಣ ದಡ ಅಂತ ಗೊಂದಲ ಆಗುತ್ತದೆ.

ಹಂತ ಹಂತದ ಆಟದಲ್ಲಿ ಒಂದು ಸಮಾಧಾನ ಇದೆ. ಪ್ರತಿ ಹಂತಕ್ಕೂ ಹೊಸ ಅಕ್ಷಾಂಶ ರೇಖಾಂಶ ಸಿಗುವುದರಿಂದ ಹಿಂದಿನ ಜಾಗದಲ್ಲಿ ಆದ ಏಳೆಂಟು ಮೀಟರ್ ತಪ್ಪು ಮುಂದಕ್ಕೆ ಬರುವುದಿಲ್ಲ. ಆದರೆ "ಇಲ್ಲಿಂದ ಇಷ್ಟು ಡಿಗ್ರಿ ದಿಕ್ಕಿನಲ್ಲಿ 100 ಮೀಟರ್" ಅಂತ ಸುಳಿವು ಕೊಟ್ಟರೆ ಹುಷಾರು. 5 ಡಿಗ್ರಿ ತಪ್ಪಿದರೆ 9 ಮೀಟರ್ ಆಚೆ ಹೋಗುತ್ತೀರಿ. ಕರ್ನಾಟಕದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿ ಮಾತ್ರ ವ್ಯತ್ಯಾಸ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸ್ಟೀವನ್ಸ್ ಕ್ರೀಕ್ ಬಳಿ ಅದು ಸುಮಾರು 13 ಡಿಗ್ರಿ. ನಮ್ಮೂರಿನ ಅಭ್ಯಾಸದಲ್ಲಿ ಅಲ್ಲಿ ನಡೆದರೆ ನೂರು ಮೀಟರ್‌ಗೆ 20 ಮೀಟರ್‌ಗಿಂತ ಹೆಚ್ಚು ತಪ್ಪುತ್ತದೆ. ಕಂಬದ ಲೆಕ್ಕ ತಪ್ಪಿದರೂ ಅಷ್ಟೇ. ಈ ಆಟದಲ್ಲಿ ಅಕ್ಷಾಂಶವನ್ನು ಡಿಗ್ರಿ ಮತ್ತು ನಿಮಿಷಗಳಲ್ಲಿ, ನಿಮಿಷದ ಸಾವಿರದಲ್ಲಿ ಒಂದು ಭಾಗದವರೆಗೆ ಬರೆಯುತ್ತಾರೆ. ಅದರ ಕೊನೆಯ ಅಂಕಿ ಒಂದು ತಪ್ಪಿದರೆ 1.85 ಮೀಟರ್ ತಪ್ಪು, ಅದಕ್ಕಿಂತ ಎರಡು ಸ್ಥಾನ ಹಿಂದಿನ ಅಂಕಿ ತಪ್ಪಿದರೆ 185 ಮೀಟರ್.

ಇನ್ನೊಂದು ಮಾತು. ಡಬ್ಬಿ ಇಟ್ಟವರ ಫೋನೂ ಅದೇ ಮರದ ಕೆಳಗೆ ತಪ್ಪಿರುತ್ತದೆ. ಅವರ ತಪ್ಪು ಐದು ಮೀಟರ್, ನಿಮ್ಮದು ಐದು ಮೀಟರ್, ಎರಡೂ ಸೇರಿದಾಗ ಬಾಣ ತೋರಿಸಿದ ಕಲ್ಲಿನ ಕೆಳಗೇ ಡಬ್ಬಿ ಇರಬೇಕಿಲ್ಲ. ಕೊನೆಯ ಹತ್ತು ಮೀಟರ್‌ನಲ್ಲಿ ಫೋನು ಜೇಬಿಗೆ ಹಾಕಿ. ಪೊಟರೆ, ಬೇಲಿಯ ಕಂಬ, ಬೇಕೆಂದೇ ಜೋಡಿಸಿದ ಹಾಗೆ ಕಾಣುವ ಕಡ್ಡಿಗಳನ್ನು ನೋಡಿ. ನೆಲ ಅಗೆಯಬೇಡಿ, ಡಬ್ಬಿಯನ್ನು ಹೂಳುವುದು ಆಟದ ನಿಯಮಕ್ಕೇ ವಿರುದ್ಧ. ಕ್ಯಾಲಿಫೋರ್ನಿಯಾದ ಹಳ್ಳಗಳ ದಡದಲ್ಲಿ ಪಾಯ್ಸನ್ ಓಕ್ ಎಂಬ ಗಿಡ ಬೆಳೆಯುತ್ತದೆ. ಮೂರು ಮೂರು ಎಲೆಗಳ ಗೊಂಚಲು ಕಂಡರೆ ಕೈ ಹಾಕಬೇಡಿ, ಚರ್ಮವೆಲ್ಲ ಗುಳ್ಳೆ ಏಳುತ್ತದೆ.

ಅಂದು ಸಿಗಲಿಲ್ಲವೇ? ಮರುದಿನ ಅದೇ ಹೊತ್ತಿಗೆ ಹೋಗಬೇಡಿ. ಜಿಪಿಎಸ್ ಉಪಗ್ರಹಗಳು 23 ಗಂಟೆ 56 ನಿಮಿಷಕ್ಕೊಮ್ಮೆ ಆಕಾಶದ ಅದೇ ಜಾಗಗಳಿಗೆ ಮರಳುತ್ತವೆ. ಅದೇ ಸೇತುವೆಗೆ ಅದೇ ಕೋನದಲ್ಲಿ ಅಲೆ ಬಡಿದು ಹೆಚ್ಚುಕಡಿಮೆ ಅದೇ ತಪ್ಪು ಮತ್ತೆ ಆಗುತ್ತದೆ. ಈಗಿನ ಫೋನುಗಳು ರಷ್ಯಾ, ಯುರೋಪ್, ಚೀನಾದ ಉಪಗ್ರಹಗಳನ್ನೂ ಕೇಳುವುದರಿಂದ ತೊಂದರೆ ಸ್ವಲ್ಪ ಕಡಿಮೆ. ಆದರೂ ಬೆಳಿಗ್ಗೆ ಹೋಗಿದ್ದರೆ ಮರುದಿನ ಮಧ್ಯಾಹ್ನದ ಮೇಲೆ ಹೋಗಿ.