ಬಾಲದಾಗ ಕುಂತಿರೋ ಸಣ್ಣ ಎಂಜಿನ್

ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟ್‌ನಾಗ ಏಪ್ರಿಲ್ ಮಧ್ಯಾಹ್ನ ಜೆಟ್ ವಿಮಾನ ಹತ್ತಿ ಕುಂತಿದ್ದೆ, ಬಳ್ಳಾರಿ ಬಿಸಿಲು ನಿಮಗ ಗೊತ್ತೇ ಐತಿ, ತಲಿ ಮ್ಯಾಲಿಂದ ತಣ್ಣನ ಗಾಳಿ ಬರಾಕತ್ತಿತ್ತು, ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಆ ಗಾಳಿ ಗಪ್ ಅಂತ ನಿಂತ್ಬಿಡ್ತು. ಬಾಜೂಕ ಕುಂತ ಅಜ್ಜಾರು "ಎಸಿ ಕೆಟ್ಟೋತೇನಪ್ಪ" ಅಂತ ಗಾಬರಿ ಆದ್ರು. ಕೆಟ್ಟಿರಲಿಲ್ಲ. ಗಾಳಿ ಬ್ಯಾರೆ ಕೆಲಸಕ್ಕ ಹೋಗಿತ್ತು, ನೋಡನೋಡತಾನ ರೆಕ್ಕಿ ಕೆಳಗಿನ ಎಂಜಿನ್ ಗುಂಯ್ ಅಂತ ಎದ್ದಿತು, ಆಮ್ಯಾಲೆ ತಂಪು ವಾಪಸ್ ಬಂತು.

ಆ ಗಾಳಿ ಕೊಡತಿದ್ದದ್ದು ಬಾಲದ ತುದಿಯಾಗಿರೋ ಇನ್ನೊಂದು ಎಂಜಿನ್. ಆಕ್ಸಿಲಿಯರಿ ಪವರ್ ಯುನಿಟ್, ಎಪಿಯು ಅಂತಾರ. ವಿಮಾನದ ಹಿಂದ ತುದಿಗೆ ಒಂದು ದುಂಡನ ತೂತು ಕಾಣ್ತೈತಲ್ಲ, ಅದರ ಹೊಗಿ ಕೊಳವಿ ಅದು. ಇದೂ ಗಾಳಿ ಎಳಕೊಂಡು ಒತ್ತಿ, ವಿಮಾನದ ಟ್ಯಾಂಕಿನ ಇಂಧನಾನೇ ಸುಟ್ಟು ಟರ್ಬೈನ್ ತಿರುಗಿಸ್ತೈತಿ, ಆದ್ರ ವಿಮಾನ ಮುಂದಕ್ಕ ನೂಕೋ ಕೆಲಸ ಇದಕ್ಕಿಲ್ಲ.

ದೊಡ್ಡ ಜೆಟ್ ಎಂಜಿನ್‌ಗೆ ಇಂಧನ ಹಾಕಿ ಕಿಡಿ ಹಚ್ಚಿದ್ರಷ್ಟ ಸಾಲಂಗಿಲ್ಲ, ಮೊದಲು ಒಳಗಿನ ಗಾಳಿ ಒತ್ತೋ ಭಾಗ, ಕಂಪ್ರೆಸರ್, ಜೋರಾಗಿ ತಿರುಗಬೇಕು, ಅಷ್ಟು ತಿರುಗಿಸೋ ತಾಕತ್ತು ವಿಮಾನದ ಬ್ಯಾಟರಿಗಿಲ್ಲ. ಅದಕ್ಕ ಬ್ಯಾಟರಿ ಸಣ್ಣದನ್ನ ಎಬ್ಬಿಸ್ತೈತಿ, ಸಣ್ಣದು ಒತ್ತಿದ ಗಾಳಿ ಪೈಪಿನಾಗ ಕಳಿಸಿ ದೊಡ್ಡದರ ಸ್ಟಾರ್ಟರ್ ತಿರುಗಿಸ್ತೈತಿ. ರಾಯಚೂರಿನ ಶಕ್ತಿನಗರದಂಥ ಥರ್ಮಲ್ ಸ್ಟೇಷನ್ ಸೈತ ಪೂರ್ತಿ ನಿಂತಿದ್ರ ಅದರ ಫ್ಯಾನು ಪಂಪು ಶುರು ಮಾಡಾಕ ಹೊರಗಿನ ಕರೆಂಟ್ ಬೇಕು, ಇದೂ ಹಂಗ.

ಎಪಿಯುಗೆ ಜನರೇಟರೂ ಇರ್ತೈತಿ. 115 ವೋಲ್ಟ್, 400 ಹರ್ಟ್ಸ್ ಕರೆಂಟು, ಅಂದ್ರ ಸೆಕೆಂಡಿಗೆ 400 ಸಲ ಹಿಂದ ಮುಂದ ಆಗೋ ಕರೆಂಟು. ನಮ್ಮ ಮನ್ಯಾಗ 50 ಹರ್ಟ್ಸ್, ಹರ್ಟ್ಸ್ ಹೆಚ್ಚಾದಂಗ ಟ್ರಾನ್ಸ್‌ಫಾರ್ಮರ್, ಮೋಟಾರು ಸಣ್ಣವು ಹಗುರದವು ಸಾಕು, ಹಾರೋ ಯಂತ್ರಕ್ಕ ಅದು ಬಾಳ ದೊಡ್ಡ ಉಳಿತಾಯ. 1963ರಾಗ ಮೊದಲ ಸಲ ಹಾರಿದ ಬೋಯಿಂಗ್ 727 ಸಣ್ಣ ಏರ್‌ಪೋರ್ಟ್‌ಗೂ ಹೋಗೋ ವಿಮಾನ, ಅಲ್ಲಿ ನಿಂತ ವಿಮಾನಕ್ಕ ಕರೆಂಟು, ಒತ್ತಿದ ಗಾಳಿ ಕೊಡೋ ಗಾಡಿ ಇರ್ತಾವಂತ ನಂಬೋ ಹಂಗಿರಲಿಲ್ಲ, ಅದಕ್ಕ ಎಪಿಯು ತನ್ನ ಹೊಟ್ಟ್ಯಾಗ ಇಟ್ಕೊಂಡು ಬಂತು.

ಮ್ಯಾಲೆ ಹಾರುವಾಗ ಎಪಿಯು ಸಾಮಾನ್ಯವಾಗಿ ಬಂದ್ ಇರ್ತೈತಿ. ಆದ್ರ 2009ರ ಜನವರಿ 15ಕ್ಕ ನ್ಯೂಯಾರ್ಕ್‌ನಾಗ ಒಂದು ವಿಮಾನಕ್ಕ ಹಕ್ಕಿ ಹೊಡದು ಎರಡೂ ಎಂಜಿನ್ ಸೋತಾಗ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಮೊದಮೊದಲು ಮಾಡಿದ ಕೆಲಸದಾಗ ಎಪಿಯು ಚಾಲೂ ಮಾಡಿದ್ದೂ ಒಂದು, ಅದರ ಕರೆಂಟಿನಿಂದ ಕಂಪ್ಯೂಟರ್‌ಗಳು ಜೀವಂತ ಉಳಿದವು, ವಿಮಾನ ಹಡ್ಸನ್ ನದಿಗೆ ಇಳಿದು 155 ಮಂದೀನೂ ಬದುಕಿದ್ರು.

ಹೊರಗ ಫ್ಯಾನ್ (ಪ್ರೊಪೆಲ್ಲರ್) ಇರೋ ವಿಮಾನ ಎಟಿಆರ್ 72ಕ್ಕ ಎಪಿಯು ಇಲ್ಲ, ಅದರ ಉಪಾಯ ನನಗ ಇನ್ನೂ ಸೇರ್ತೈತಿ. ಅದರ ಎಂಜಿನ್‌ನಾಗ ಗಾಳಿ ಒತ್ತೋ ಭಾಗ ಬ್ಯಾರೆ, ಫ್ಯಾನ್ ತಿರುಗಿಸೋ ಟರ್ಬೈನ್ ಬ್ಯಾರೆ, ಫ್ಯಾನಿಗೆ ಬ್ರೇಕ್ ಹಾಕಿದ್ರೂ ಗಾಳಿ ಒತ್ತೋ ಭಾಗ ಓಡ್ತಾನೇ ಇರ್ತೈತಿ. ಹೋಟೆಲ್ ಮೋಡ್ ಅಂತಾರ. ಮಂದಿ ಎಡಗಡೆ ಹಿಂದಿನ ಬಾಗಿಲಿಂದ ಹತ್ತತಿರ್ತಾರ, ಆ ಕಡಿ ಎಂಜಿನ್ ಪೂರಾ ಬಂದ್, ಬಲಗಡೆದು ಫ್ಯಾನ್ ಅಲುಗದಂಗ ನಿಂತು ಒಳಗ ಗುಂಯ್‌ಗುಡತಾ ಎಸಿ, ಲೈಟು ನಡಸತಿರ್ತೈತಿ.