ಹೊತ್ತನ್ನಳೆದು ಜಾಗ ಹೇಳುವ ಆ್ಯಪ್‌ಗಳು

ದಿನಬಳಕೆಗೆ ಯಾವ ಆ್ಯಪ್ ಹೆಚ್ಚು ಉಪಯೋಗವೆಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಮೊದಲು ಬರುವುದು ಹಣ ಕಳಿಸುವ ಆ್ಯಪ್‌ನ ಹೆಸರು, ಆಮೇಲೆ ವಾಟ್ಸ್‌ಆ್ಯಪ್. ಹೂವಿನ ಮಾರುಕಟ್ಟೆಯಿಂದ ಹಿಡಿದು ಟೀ ಅಂಗಡಿಯವರೆಗೆ ಎಲ್ಲೆಡೆ ಸ್ಕ್ಯಾನ್ ಮಾಡುವ ಹಾಳೆ ಅಂಟಿಸಿರುವ ಈ ಕಾಲದಲ್ಲಿ ಅದು ಸಹಜವೇ. ಆದರೆ ನನಗೆ ಅಚ್ಚುಮೆಚ್ಚಾದವು ಬೇರೆ ಮೂರು: ನಿಂತ ನೆಲದ ಸರ್ವೆ ನಂಬರ್ ತೋರಿಸುವ ದಿಶಾಂಕ್, ಹತ್ತಿರದಲ್ಲಿ ಸಿಡಿಲು ಬಡಿಯುತ್ತಿದ್ದರೆ ಎಚ್ಚರಿಸುವ ದಾಮಿನಿ, ಮತ್ತು ಆಂಡ್ರಾಯ್ಡ್ ಫೋನಿನೊಳಗೇ ಇರುವ ಭೂಕಂಪದ ಎಚ್ಚರಿಕೆ. ಜಮೀನು, ಸಿಡಿಲು, ಭೂಕಂಪ ಇವಕ್ಕೆ ಮೇಲ್ನೋಟಕ್ಕೆ ಪರಸ್ಪರ ಯಾವ ನಂಟೂ ಕಾಣುವುದಿಲ್ಲ. ಹಾಗಿದ್ದರೂ ಮೂರೂ ನಿಂತಿರುವುದು ಒಂದೇ ಉಪಾಯದ ಮೇಲೆ: ಅಲೆಯೊಂದು ಬಂದು ತಲುಪಿದ ಹೊತ್ತನ್ನು ಅತಿ ಸೂಕ್ಷ್ಮವಾಗಿ ಅಳೆಯುವುದು, ಆ ಹೊತ್ತಿನಿಂದ ದೂರವನ್ನೂ ದೂರದಿಂದ ಜಾಗವನ್ನೂ ಲೆಕ್ಕ ಹಾಕುವುದು. ಆ ಲೆಕ್ಕದಲ್ಲಿ ತಪ್ಪು ಎಲ್ಲಿ ನುಸುಳುತ್ತದೆ, ಎಷ್ಟು ನುಸುಳುತ್ತದೆ ಎಂಬುದು ಗೊತ್ತಿದ್ದವರಿಗೆ ಈ ಆ್ಯಪ್‌ಗಳು ನಿಜವಾಗಿ ಕೈಗೆ ಬರುತ್ತವೆ. ಗೊತ್ತಿಲ್ಲದೆ ಬಳಸಿದರೆ ಬದುವಿನ ಮೇಲಿನ ಜಗಳಕ್ಕೂ ಇವೇ ಕಾರಣವಾಗಬಲ್ಲವು.

ಬದುವಿನ ವಿಷಯವನ್ನೇ ಮೊದಲು ನೋಡೋಣ, ಏಕೆಂದರೆ ನಮ್ಮ ಕಡೆ ಫೋನು ಹೆಚ್ಚು ವಾದಕ್ಕೆ ಕಾರಣವಾಗಿರುವುದು ಅಲ್ಲಿಯೇ. ಗೌರಿಬಿದನೂರಿನ ಸುತ್ತ ಮುಸುಕಿನ ಜೋಳದ ಹೊಲಗಳಲ್ಲಿ, ದಿಶಾಂಕ್ ತೆರೆದ ಫೋನನ್ನು ಗಡಿ ಕಲ್ಲಿನ ಮೇಲಿಟ್ಟು ಸುಮ್ಮನೆ ಗಮನಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಫೋನು ಅಲುಗಾಡುತ್ತಿಲ್ಲ, ಕಲ್ಲಂತೂ ತಲೆಮಾರುಗಳಿಂದ ಅಲ್ಲೇ ಇದೆ, ಆದರೂ ನಾವಿರುವ ಜಾಗವನ್ನು ತೋರಿಸುವ ಗುರುತು ಮೆಲ್ಲಗೆ ಸರಿದು ಒಮ್ಮೆ ಈ ಸರ್ವೆ ನಂಬರಿನೊಳಗೆ, ಇನ್ನೊಮ್ಮೆ ಪಕ್ಕದವರ ನಂಬರಿನೊಳಗೆ ಹೋಗಿ ನಿಲ್ಲುತ್ತದೆ. ಸಾಮಾನ್ಯ ನಕ್ಷೆಯ ಆ್ಯಪ್ ತೆರೆದರೆ ನೀಲಿ ಚುಕ್ಕೆಯ ಸುತ್ತ ತೆಳುನೀಲಿ ವೃತ್ತವೊಂದು ಕಾಣುತ್ತದೆ. ಹೆಚ್ಚಿನವರು ಅದನ್ನು ಅಲಂಕಾರವೆಂದು ತಿಳಿದಿದ್ದಾರೆ. ವಾಸ್ತವದಲ್ಲಿ ಇಡೀ ಪರದೆಯ ಮೇಲೆ ಅತ್ಯಂತ ಪ್ರಾಮಾಣಿಕವಾದ ಗುರುತು ಅದೇ. ನೀವು ಬಹುಮಟ್ಟಿಗೆ ಈ ವೃತ್ತದೊಳಗೆ ಎಲ್ಲೋ ಇದ್ದೀರಿ, ಇದಕ್ಕಿಂತ ಖಚಿತವಾಗಿ ನನಗೆ ತಿಳಿಯದು ಎಂದು ಫೋನು ಹೇಳುವ ಬಗೆ ಅದು.

ಫೋನಿಗೆ ತಾನಿರುವ ಜಾಗ ತಿಳಿಯುವುದು ಹೀಗೆ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಅವುಗಳಲ್ಲಿ ಪರಮಾಣು ಗಡಿಯಾರಗಳಿವೆ. ಪ್ರತಿಯೊಂದು ಉಪಗ್ರಹವೂ ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಎಂಬ ಸುದ್ದಿಯನ್ನು ರೇಡಿಯೊ ಅಲೆಯ ಮೂಲಕ ಸತತವಾಗಿ ಸಾರುತ್ತಿರುತ್ತದೆ. ಫೋನು ಮಾಡುವುದು ಕೇಳಿಸಿಕೊಳ್ಳುವ ಕೆಲಸವನ್ನು ಮಾತ್ರ, ಅದು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹ ಎಷ್ಟು ದೂರದಲ್ಲಿದೆಯೆಂದು ಸಿಗುತ್ತದೆ. ನೆತ್ತಿಯ ಮೇಲಿರುವ ಉಪಗ್ರಹದ ಅಲೆ ನಮ್ಮನ್ನು ತಲುಪಲು ಬೇಕಾಗುವ ಕಾಲ 0.07 ಸೆಕೆಂಡಿಗಿಂತಲೂ ತುಸು ಕಡಿಮೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಸಮಯದ ಅಳತೆಯಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ತಪ್ಪಾದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ನಮ್ಮ ಫೋನಿನ ಸಾಧಾರಣ ಗಡಿಯಾರಕ್ಕೆ ಇಷ್ಟು ಸೂಕ್ಷ್ಮತೆಯಿಲ್ಲ. ಆದ್ದರಿಂದಲೇ ಜಾಗವನ್ನು ಗುರುತಿಸಲು ಮೂರು ದೂರಗಳು ಸಾಲುವಂತಿದ್ದರೂ ನಾಲ್ಕನೆಯ ಉಪಗ್ರಹ ಬೇಕೇ ಬೇಕು: ಆ ನಾಲ್ಕನೆಯದರ ನೆರವಿನಿಂದ ಫೋನು ತನ್ನ ಗಡಿಯಾರದ ತಪ್ಪನ್ನೇ ಒಂದು ಅಜ್ಞಾತ ಸಂಖ್ಯೆಯಾಗಿ ಭಾವಿಸಿ ಬಿಡಿಸಿಕೊಳ್ಳುತ್ತದೆ.

ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತ ಹೊಲದ ಬದುವಿಗೆ ಬಂದು ತಲುಪುವುದೂ ಇಲ್ಲಿಯೇ. ವೇಗವಾಗಿ ಚಲಿಸುತ್ತಿರುವ ಕಾರಣಕ್ಕೆ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡು (ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು) ಹಿಂದೆ ಬೀಳುತ್ತದೆ, ಭೂಮಿಯ ಗುರುತ್ವ ಅಷ್ಟು ಎತ್ತರದಲ್ಲಿ ದುರ್ಬಲವಾಗಿರುವ ಕಾರಣಕ್ಕೆ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಕೂಡಿ ಕಳೆದರೆ ಉಳಿಯುವುದು ದಿನಕ್ಕೆ 38 ಮೈಕ್ರೋಸೆಕೆಂಡಿನ ಮುನ್ನಡೆ. ದೂರಕ್ಕೆ ಪರಿವರ್ತಿಸಿದರೆ ಅದು ದಿನವೊಂದಕ್ಕೆ ಸುಮಾರು 11 ಕಿಲೋಮೀಟರ್. ಈ ತಿದ್ದುಪಡಿಯನ್ನು ಉಪಗ್ರಹ ವ್ಯವಸ್ಥೆಯಲ್ಲೇ ಮಾಡಿರುತ್ತಾರೆ, ಹಾಗಾಗಿ ಅದರ ಗೋಜು ನಮಗಿಲ್ಲ.

ನಮಗೆ ಗೋಜು ತರುವುದು ವಾತಾವರಣ. ಸೂರ್ಯನ ಅತಿನೇರಳೆ ಕಿರಣಗಳು ಮತ್ತು ಕ್ಷಕಿರಣಗಳು ಮೇಲಿನ ವಾತಾವರಣದ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅಯಾನುಗೋಳವೆಂಬ ಪದರವನ್ನು ಉಂಟುಮಾಡುತ್ತವೆ. ಉಪಗ್ರಹದ ಅಲೆ ಈ ಪದರದಲ್ಲಿ ತುಸು ತಡವಾಗುತ್ತದೆ, ತಡವಾದಷ್ಟೂ ಫೋನಿನ ಲೆಕ್ಕದಲ್ಲಿ ದೂರ ಹಿಗ್ಗುತ್ತದೆ. ಮಧ್ಯಾಹ್ನ ಎರಡರ ಆಸುಪಾಸಿನಲ್ಲಿ ಈ ಪದರ ಅತ್ಯಂತ ದಟ್ಟವಾಗಿರುತ್ತದೆ. ದಕ್ಷಿಣ ಭಾರತ ಭೂಮಿಯ ಎರಡು ಕಾಂತಧ್ರುವಗಳ ನಡುವಿನ ಗೆರೆಯಾದ ಭೂಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಅಯಾನುಗೋಳದ ಏರಿಳಿತ ನಮ್ಮ ಕಡೆ ಯುರೋಪಿನಂತಹ ಪ್ರದೇಶಗಳಿಗಿಂತ ಹೆಚ್ಚು. ಇದಕ್ಕೆಲ್ಲ ಮೂಲವಾದ ಸೂರ್ಯನನ್ನು ರೇಡಿಯೊ ಅಲೆಗಳ ಮೂಲಕ ಗಮನಿಸುವ ದೂರದರ್ಶಕವೊಂದು ನಮ್ಮ ಗೌರಿಬಿದನೂರಿನಲ್ಲೇ ಇದೆಯೆಂಬುದು ಜಿಲ್ಲೆಯ ಮಕ್ಕಳಿಗೆ ಶಾಲೆಯಲ್ಲಿ ಹೇಳಬೇಕಾದ ಮಾತು ಎಂದು ನಾನು ನಂಬಿದ್ದೇನೆ. ಭಾರತೀಯ ಖಭೌತ ಸಂಸ್ಥೆ ನಡೆಸುವ ಆ ಕೇಂದ್ರದಲ್ಲಿ ಬಯಲಿನ ತುಂಬ ಹರಡಿದ ಆಂಟೆನಾಗಳು ಸೂರ್ಯನ ಹೊರಾವರಣದಿಂದ ಬರುವ ಅಲೆಗಳನ್ನು ದಾಖಲಿಸುತ್ತವೆ. 2024ರ ಮೇ ತಿಂಗಳಲ್ಲಿ ಸೂರ್ಯನ ಸ್ಫೋಟಗಳಿಂದಾಗಿ ತೀವ್ರವಾದ ಭೂಕಾಂತೀಯ ಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದಲ್ಲಿ ಕಲಕಾಟ, ಎದ್ದಾಗ, ಜಿಪಿಎಸ್ ನೆಚ್ಚಿಕೊಂಡು ಟ್ರ್ಯಾಕ್ಟರ್ ಓಡಿಸುವ ಅಮೆರಿಕದ ರೈತರಲ್ಲಿ ಅನೇಕರು ಬಿತ್ತನೆಯನ್ನೇ ನಿಲ್ಲಿಸಬೇಕಾಯಿತು.

ಇವುಗಳ ಜೊತೆಗೆ ನೆಲಮಟ್ಟದ ತೊಡಕುಗಳೂ ಇವೆ. ನೀಲಗಿರಿ ತೋಪು, ಮಾವಿನ ತೋಟ, ಬಂಡೆಯ ಬುಡ, ಶೀಟಿನ ಮನೆಯ ಗೋಡೆ, ಇಂಥ ಕಡೆ ಅಲೆ ನೇರವಾಗಿ ಬಾರದೆ ಎಲ್ಲಿಗೋ ಬಡಿದು ಸುತ್ತಿಕೊಂಡು ಬರುತ್ತದೆ. ಸುತ್ತಿದ ದಾರಿ ಉದ್ದವಾದ್ದರಿಂದ ಲೆಕ್ಕವೂ ಕೆಡುತ್ತದೆ. ಎಲ್ಲವೂ ಅನುಕೂಲವಾಗಿರುವ ಬಯಲಿನಲ್ಲಿ ಸಾಧಾರಣ ಫೋನಿನ ತಪ್ಪು 5 ಮೀಟರ್‌ನಷ್ಟಿರುತ್ತದೆ. ಎರಡು ಬೇರೆ ಬೇರೆ ಆವರ್ತನಗಳ ಅಲೆಗಳನ್ನು ಹಿಡಿಯುವ ಹೊಸ ಫೋನುಗಳು ಅಯಾನುಗೋಳದ ತಡವನ್ನು ತಾವೇ ಅಂದಾಜು ಮಾಡಿ ಕಳೆಯಬಲ್ಲವು, ಏಕೆಂದರೆ ಆ ತಡ ಆವರ್ತನದಿಂದ ಆವರ್ತನಕ್ಕೆ ಬೇರೆಯಾಗಿರುತ್ತದೆ.

ಈಗ ಇದನ್ನು ಗುಂಟೆಗೆ ಇಳಿಸಿ ನೋಡಬೇಕು. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಒಂದೊಂದು ಬದಿ ಹತ್ತು ಮೀಟರ್‌ಗಿಂತ ತುಸು ಹೆಚ್ಚು. 5 ಮೀಟರ್ ತಪ್ಪುವ ಉಪಕರಣದಿಂದ ಹತ್ತು ಮೀಟರ್ ಬದಿಯ ನೆಲವನ್ನು ಅಳೆದು ತೀರ್ಮಾನಕ್ಕೆ ಬರುವುದು ಎಷ್ಟು ಸರಿ ಎಂಬುದನ್ನು ಓದುಗರೇ ಯೋಚಿಸಬಹುದು. ಚೌಕವಾದ ಒಂದು ಎಕರೆ ಜಮೀನಿನ ಬದಿ ಸುಮಾರು 63.6 ಮೀಟರ್. ಅದರ ಒಂದು ಬದುವನ್ನು ಆ್ಯಪ್ 3 ಮೀಟರ್ ಆಚೆಗೆ ತೋರಿಸಿದರೂ ವಿಸ್ತೀರ್ಣದಲ್ಲಿ 190 ಚದರ ಮೀಟರ್, ಅಂದರೆ ಹತ್ತಿರಹತ್ತಿರ 2 ಗುಂಟೆ, ಹೆಚ್ಚಾಗಿ ಬರುತ್ತದೆ. ಬದುವಿನ ಸುತ್ತ ಫೋನು ಹಿಡಿದು ನಡೆದು ಪಹಣಿಯಲ್ಲಿರುವುದಕ್ಕಿಂತ 2 ಗುಂಟೆ ಕಡಿಮೆ ಬಂತೆಂದು ಪಕ್ಕದ ಹೊಲದವರ ಮೇಲೆ ಅನುಮಾನಪಡುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು.

ಇಲ್ಲೊಂದು ಸ್ವಾರಸ್ಯವಿದೆ. ಅಯಾನುಗೋಳದಿಂದ ಬರುವ ತಪ್ಪು ಕೆಲವು ನಿಮಿಷಗಳ ಮಟ್ಟಿಗೆ ಹೊಲದ ನಾಲ್ಕೂ ಮೂಲೆಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಹಾಗಾಗಿ ನಿಲ್ಲದೆ ಒಂದೇ ಸುತ್ತಿನಲ್ಲಿ ನಡೆದು ಅಳೆದರೆ ಹೊಲದ ಆಕಾರ ಇಡಿಯಾಗಿ ಒಂದು ಕಡೆಗೆ ಸರಿಯುತ್ತದೆಯೇ ಹೊರತು ಹೆಚ್ಚು ವಿಕಾರವಾಗುವುದಿಲ್ಲ. ವಿಸ್ತೀರ್ಣ ಸುಮಾರಾಗಿ ಸರಿ ಬರುತ್ತದೆ, ಜಾಗ ಮಾತ್ರ ತಪ್ಪಿರುತ್ತದೆ. ಇವತ್ತು ಎರಡು ಮೂಲೆ, ನಾಳೆ ಎರಡು ಮೂಲೆ ಎಂದು ಅಳೆದರೆ ಈ ಅನುಕೂಲ ಕೈತಪ್ಪುತ್ತದೆ. ಇದೇ ತತ್ತ್ವವನ್ನು ಇನ್ನೂ ಮುಂದಕ್ಕೆ ಒಯ್ದರೆ ಸಿಗುವುದು ಭೂಮಾಪಕರು ಈಗ ಬಳಸುತ್ತಿರುವ ರೋವರ್ ಎಂಬ ಅಳತೆಯ ಉಪಕರಣ. ತನ್ನ ಜಾಗ ಖಚಿತವಾಗಿ ಗೊತ್ತಿರುವ ಸ್ಥಿರ ಕೇಂದ್ರವೊಂದು, ಉಪಗ್ರಹಗಳ ಲೆಕ್ಕದಲ್ಲಿ ಆ ಕ್ಷಣ ಎಷ್ಟು ತಪ್ಪಿದೆಯೆಂದು ಕಂಡುಕೊಂಡು ರೋವರ್‌ಗೆ ತಿಳಿಸುತ್ತದೆ, ರೋವರ್ ಅಷ್ಟನ್ನು ಕಳೆದುಕೊಳ್ಳುತ್ತದೆ. ತಪ್ಪು ಮೀಟರ್‌ಗಳಿಂದ ಸೆಂಟಿಮೀಟರ್‌ಗಳಿಗೆ ಇಳಿಯುತ್ತದೆ. ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯರ್ ಬರುವವರೆಗೆ ಕಾಯುವುದು ಬೇಸರದ ಕೆಲಸವೇ, ಆದರೆ ಬದುವಿನ ತೀರ್ಮಾನಕ್ಕೆ ಅದರ ಬದಲಿಗೆ ಫೋನು ನಿಲ್ಲಲಾರದು.

ಹಾಗೆಂದು ದಿಶಾಂಕ್ ಉಪಯೋಗವಿಲ್ಲದ್ದೆಂದು ನಾನು ಹೇಳುತ್ತಿಲ್ಲ. ಹಳೆಯ ಗ್ರಾಮ ನಕ್ಷೆಗಳನ್ನು ಕಂಪ್ಯೂಟರಿಗೆ ತಂದು ಉಪಗ್ರಹ ಚಿತ್ರದ ಮೇಲೆ ಕೂಡಿಸಿರುವುದರಿಂದ, ಜಾಗ ತಿಳಿಯದ ಜಮೀನಿನ ನಡುವೆ ನಿಂತು ಇದು ಯಾವ ಗ್ರಾಮ, ಯಾವ ಸರ್ವೆ ನಂಬರ್, ಸೈಟು ಮಾಡಿ ಮಾರುತ್ತಿರುವ ಈ ನೆಲ ಕೆರೆಯದೋ ಖರಾಬೋ ಎಂಬುದನ್ನು ಕೂತಲ್ಲೇ ನೋಡಬಹುದು. ನಂಬರಿನ ನಡುಭಾಗದಲ್ಲಿ ನಿಂತವರಿಗೆ ಅದು ಸರಿಯಾದ ಉತ್ತರ ಕೊಡುವ ಸಾಧ್ಯತೆಯೇ ಹೆಚ್ಚು. ಗಡಿಯ ಮೇಲೆ ನಿಂತವರು ಅದನ್ನು ಕೇಳಬಾರದು, ಅಷ್ಟೇ.

ದಾಮಿನಿಯಲ್ಲಿ ಇದೇ ಉಪಾಯ ತಲೆಕೆಳಗಾಗಿದೆ. ಜಿಪಿಎಸ್‌ನಲ್ಲಿ ಅಲೆ ಕಳಿಸುವವರು ಹಲವರು, ಕೇಳುವ ಫೋನು ಒಂದು. ಸಿಡಿಲಿನಲ್ಲಿ ಅಲೆ ಹೊರಡುವುದು ಒಂದು ಕಡೆಯಿಂದ, ಕೇಳುವ ಕೇಂದ್ರಗಳು ಹಲವು. ಮಿಂಚು ಹೊಳೆದಾಗ ಬೆಳಕಿನ ಜೊತೆಗೆ ರೇಡಿಯೊ ಅಲೆಗಳೂ ಸಿಡಿಯುತ್ತವೆ. ಹಳೆಯ ರೇಡಿಯೊದಲ್ಲಿ ಮಳೆಗಾಲದ ಸಂಜೆ ಕೇಳಿಸುತ್ತಿದ್ದ ಚಟಚಟ ಸದ್ದು ಅದೇ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ದೇಶದ ಬೇರೆ ಬೇರೆ ಕಡೆ ಸ್ಥಾಪಿಸಿರುವ ಸಂವೇದಕಗಳು ಆ ಅಲೆಯನ್ನು ಹಿಡಿಯುತ್ತವೆ. ಒಂದು ಕೇಂದ್ರಕ್ಕೆ ಅಲೆ ತುಸು ಮೊದಲು, ಇನ್ನೊಂದಕ್ಕೆ ತುಸು ತಡವಾಗಿ ತಲುಪುತ್ತದೆ. ಆ ವ್ಯತ್ಯಾಸಗಳಿಂದ ಸಿಡಿಲು ಎಲ್ಲಿ ಬಡಿಯಿತೆಂದು ಲೆಕ್ಕ ಹಾಕಿ, ಅದರ ಸುತ್ತ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿರುವವರಿಗೆ ಆ್ಯಪ್ ಎಚ್ಚರಿಕೆ ಕೊಡುತ್ತದೆ.

ಅಶ್ವಿನಿ, ಭರಣಿ ಮಳೆಗಳ ಹೊತ್ತಿಗೆ ಹೊಲ ಹದ ಮಾಡುವವರು, ಕುರಿ ಮೇಯಿಸುವವರು ಹೆಚ್ಚಾಗಿ ಬಯಲಿನಲ್ಲೇ ಇರುತ್ತಾರೆ, ಮೋಡ ಕವಿದ ಕೂಡಲೇ ಹುಣಸೆ ಮರದ ಕೆಳಗೆ ಸೇರುವುದು ರೂಢಿ. ಒಂಟಿ ಮರದ ಆಸರೆಯಷ್ಟು ಅಪಾಯಕಾರಿಯಾದದ್ದು ಆ ಹೊತ್ತಿನಲ್ಲಿ ಇನ್ನೊಂದಿಲ್ಲ. ಈ ಕಾರಣಕ್ಕಾಗಿಯೇ, ಒಬ್ಬ ರೈತನ ಫೋನಿನಲ್ಲಿ ಒಂದೇ ಒಂದು ಆ್ಯಪ್ ಉಳಿಸಬೇಕೆಂದರೆ ನಾನು ದಾಮಿನಿಯನ್ನು ಉಳಿಸುತ್ತೇನೆ. ಆದರೆ ಅದಕ್ಕೆ ಇಂಟರ್‌ನೆಟ್ ಬೇಕು, ಲೊಕೇಶನ್ ಚಾಲೂ ಇರಬೇಕು. ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲದಿದ್ದಾಗ ಕಣ್ಣು ಕಿವಿಗಳೇ ಉಪಕರಣ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಹಿಡಿಯುವುದರಿಂದ, ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆಯೆಂದು ತಿಳಿಯುತ್ತದೆ. ಎಣಿಕೆ ಮೂವತ್ತಕ್ಕಿಂತ ಕಡಿಮೆ ಬಂದರೆ ಕೂಡಲೇ ಗಟ್ಟಿ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಗೆ ಬರಬಾರದು.

ಮೂರನೆಯದು ಭೂಮಿಯೊಳಗಿನ ಅಲೆ. ಗೌರಿಬಿದನೂರಿಗೆ ಈ ವಿದ್ಯೆ ಹಳೆಯದು. 1965ರಿಂದ ಅಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಜಾಲವಿದೆ, ದೂರದ ದೇಶಗಳ ಭೂಕಂಪಗಳನ್ನೂ ನೆಲದಡಿಯ ಅಣುಸ್ಫೋಟಗಳನ್ನೂ ಅದು ಗುರುತಿಸಬಲ್ಲದು. ಎಲ್ ಅಕ್ಷರದ ಆಕಾರದಲ್ಲಿ ಸಾಲಾಗಿ ಹೂಡಿದ ಮಾಪಕಗಳಿಗೆ ಅಲೆ ಒಂದಾದ ಮೇಲೊಂದರಂತೆ ತಲುಪುವ ಹೊತ್ತಿನಿಂದ ಅದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುತ್ತದೆ. ನಮ್ಮ ಫೋನಿನಲ್ಲಿಯೂ ಅಲುಗಾಟವನ್ನು ಅಳೆಯುವ ಪುಟ್ಟ ಚಿಪ್ ಇದೆ. ಫೋನು ಅಡ್ಡ ಮಾಡಿದಾಗ ಚಿತ್ರ ತಿರುಗುವುದು, ನಡೆದ ಹೆಜ್ಜೆಗಳ ಎಣಿಕೆ ಬರುವುದು ಅದರಿಂದಲೇ. 2023ರಲ್ಲಿ ಭಾರತಕ್ಕೆ ಬಂದ ಆಂಡ್ರಾಯ್ಡ್ ಭೂಕಂಪ ಎಚ್ಚರಿಕೆ ಈ ಚಿಪ್‌ಗಳನ್ನೇ ಬಳಸುತ್ತದೆ. ಒಂದು ಊರಿನಲ್ಲಿ ಸುಮ್ಮನೆ ಮಲಗಿರುವ ನೂರಾರು ಫೋನುಗಳು ಒಟ್ಟಿಗೆ ನಡುಗಿದರೆ ಅದು ಮೇಜಿನಿಂದ ಬಿದ್ದ ಫೋನಲ್ಲ, ನೆಲವೇ ನಡುಗಿದ್ದು ಎಂದು ಸರ್ವರ್ ತೀರ್ಮಾನಿಸುತ್ತದೆ. ಭೂಕಂಪದಲ್ಲಿ ಮೊದಲು ಬರುವ ಅಲೆಗೆ ವೇಗ ಹೆಚ್ಚು, ಪೆಟ್ಟು ಕಡಿಮೆ. ಹಾನಿ ಮಾಡುವ ಅಲೆ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಇಂಟರ್‌ನೆಟ್ ಇವೆರಡಕ್ಕಿಂತಲೂ ವೇಗದ್ದಾದ್ದರಿಂದ ದೂರದಲ್ಲಿರುವವರಿಗೆ ಕೆಲವು ಸೆಕೆಂಡುಗಳ ಮುನ್ಸೂಚನೆ ಸಿಗುತ್ತದೆ.

2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ನೆಲ ನಡುಗಿ ಜನ ಮನೆಗಳಿಂದ ಹೊರಗೆ ಓಡಿ ಬಂದದ್ದು ಹಲವರಿಗೆ ನೆನಪಿರಬಹುದು. ಆ ಕಂಪನಗಳ ಪ್ರಮಾಣ 3ರ ಆಸುಪಾಸಿನಲ್ಲಿತ್ತು. ಅಂಥವು ಮರುಕಳಿಸಿದರೆ ಈ ಎಚ್ಚರಿಕೆ ಮೌನವಾಗಿಯೇ ಇರುತ್ತದೆ, ಏಕೆಂದರೆ ಅದು ಎಚ್ಚೆತ್ತುಕೊಳ್ಳುವುದು 4.5 ಮತ್ತು ಅದಕ್ಕಿಂತ ಹೆಚ್ಚಿನ ಪ್ರಮಾಣದ ಭೂಕಂಪಗಳಿಗೆ ಮಾತ್ರ. ಕಂಪನ ಕೇಂದ್ರದ ಮೇಲೆಯೇ ಮನೆಯಿರುವವರಿಗೆ ಎರಡು ಅಲೆಗಳ ನಡುವೆ ಸಿಗುವ ಬಿಡುವೂ ಅತ್ಯಲ್ಪ. ಸಣ್ಣ ಕಂಪನಗಳು ಎಲ್ಲಿ, ಎಷ್ಟು ಆಳದಲ್ಲಿ ಹುಟ್ಟುತ್ತವೆಂದು ಖಚಿತವಾಗಿ ತಿಳಿಯಬೇಕಾದರೆ ಅವುಗಳ ಸುತ್ತ ಕೆಲವೇ ಕಿಲೋಮೀಟರ್ ಅಂತರದಲ್ಲಿ ಹಲವು ಮಾಪಕಗಳು ಬೇಕು. ಅಂಥ ಮಾಪಕಗಳನ್ನು ನಮ್ಮ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಹೆಚ್ಚಿಸಬೇಕೆಂದು ಜಿಲ್ಲೆಯ ಜನ ಕೇಳಬೇಕು. ಆ ಕೆಲಸವನ್ನು ಜೇಬಿನಲ್ಲಿರುವ ಫೋನು ಸದ್ಯಕ್ಕೆ ಮಾಡಲಾರದು.